ಕೆಂಪು ದಾರದ ಡಬ್ಬಿ

ನಿನ್ನ ಅಮ್ಮನಿಗೆ ಥೈರಾಯ್ಡ್ ಕಾಯಿಲೆ ಇತ್ತು, ಭವ್ಯ. ಮದುವೆಗೆ ಎರಡು ವರ್ಷ ಮೊದಲಿನಿಂದಲೂ ಇತ್ತು. ಕೊರೊನಾ ವಾರ್ಡಿನಲ್ಲಿ ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಾಗ ಡಾಕ್ಟರು ನಮ್ಮನ್ನು ಇದನ್ನೇ ಕೇಳಿದರು. ನಿನ್ನ ಅಪ್ಪನ ಪಕ್ಕದಲ್ಲಿ ನಿಂತು ನಾನು ಇಲ್ಲ ಎಂದೆ. ಗೊತ್ತಿಲ್ಲದೆ ಹೇಳಿದ್ದಲ್ಲ — ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

ನಿನ್ನ ಸೋದರಮಾವ ಶ್ರೀನಿವಾಸಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ, ಔಷಧಿ ವಿಷಯದಲ್ಲಿ ಬಲು ಕಟ್ಟುನಿಟ್ಟು ಎಂದು ನೀನು ಗೆಳತಿಯರ ಮುಂದೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಚೀಟಿ ಇಲ್ಲದೆ ಬಂದವರಿಗೆ ನಾನು ಮಾತ್ರೆ ಕೊಡುವುದಿಲ್ಲ, ನಿಜ. ಹಾಗಿದ್ದವನು ನಮ್ಮ ಮನೆಯೊಳಗೆ ಏನು ಮಾಡಿದೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಾದರೂ ನನ್ನ ಪರವಾಗಿ ನಾನೇ ವಾದ ಮಾಡುತ್ತಿದ್ದೇನೆ ಎನ್ನಿಸಿದರೆ ಆ ಮಾತನ್ನು ಬಿಟ್ಟು ಮುಂದಕ್ಕೆ ಓದು.

ಅಕ್ಕನಿಗೆ ಆಗ ಇಪ್ಪತ್ತು ತುಂಬಿತ್ತು. ಸದಾ ಸುಸ್ತು, ಬಾಚಣಿಗೆ ತುಂಬ ಕೂದಲು, ಮುಖದಲ್ಲಿ ಬಾವು. ಕೋಲಾರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ, ಬದುಕಿರುವವರೆಗೆ ಬಿಡಬಾರದು ಎಂದರು. ಮೂರು ತಿಂಗಳಲ್ಲಿ ಅಕ್ಕ ಮೊದಲಿನಂತಾದಳು. ಅಷ್ಟೇ ಕಾಯಿಲೆ. ಆದರೆ ತಾಯಲೂರಿನಿಂದ ನಿನ್ನ ಅಪ್ಪನ ಸಂಬಂಧ ಬಂದಾಗ, ಅವರು ಹಿಂದೆ ನೋಡಿದ್ದ ಒಂದು ಹುಡುಗಿಯನ್ನು ಇದೇ ಕಾಯಿಲೆಯ ಕಾರಣಕ್ಕೆ ಬೇಡವೆಂದಿದ್ದರು ಎಂಬ ಸುದ್ದಿಯೂ ಜೊತೆಗೇ ಬಂತು. ಮಕ್ಕಳಾಗುವುದಿಲ್ಲ ಎಂಬ ಭಯ ಅವರಿಗೆ.

"ಹೇಳ್ಬಿಡಾಣ ಕಣಮ್ಮಾ. ಆಮೇಲೆ ಗೊತ್ತಾದ್ರೆ ನಾನ್ ಹೆಂಗೆ ಮುಖ ಎತ್ಕೊಂಡಿರ್ಲಿ?" ಎಂದಳು ಅಕ್ಕ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳ್ತಿರೋದು ಒಂದೇ ಒಂದು, ಸುಮ್ನಿರೇ," ಎಂದಳು ನಮ್ಮಮ್ಮ.

ಅಮ್ಮ ಬಾಯಿಂದ ಆಡಿದಳು, ಕೈಯಿಂದ ಮಾಡಿದವನು ನಾನು. ಆಗಷ್ಟೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಅದರೊಳಗೆ ಥೈರಾಯ್ಡ್ ಮಾತ್ರೆ ಸುರಿದು ಅಕ್ಕನ ಕೈಗಿಟ್ಟೆ. "ಶಕ್ತಿಗೆ ಅಂತ ಹೇಳು. ಬಚ್ಚಿಡ್ಬೇಡ, ಎಲ್ಲರ ಕಣ್ಣೆದುರಿಗೇ ಇಡು," ಎಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಹೆಣ್ಣು ನೋಡಲು ಬಂದ ನಿನ್ನ ಅಜ್ಜಿ ಅಕ್ಕನ ಗಲ್ಲ ಸವರಿ, "ಪಿಲ್ಲ ಬಾಗುಂದಿ, ಹುಡುಗಿ ಒಪ್ಪಿಗೆ," ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದಾಗ ಅಕ್ಕ ತಲೆ ಎತ್ತಲಿಲ್ಲ. ನಾಚಿಕೆ ಎಂದುಕೊಂಡರು ಎಲ್ಲರೂ.

ನಿಮ್ಮ ಅಡುಗೆಮನೆಯ ಗೂಡಿನಲ್ಲಿದ್ದ ಆ ಡಬ್ಬಿ ನಿನಗೆ ನೆನಪಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುವ ಮುಂಚೆ ಅಕ್ಕ ಅದರಿಂದ ಒಂದು ಮಾತ್ರೆ ನುಂಗುತ್ತಿದ್ದಳು. ಅವಳು ಮರೆತರೆ, "ಮಾತ್ರೆ ನುಂಗ್ದೇನೇ?" ಎಂದು ನೆನಪಿಸುತ್ತಿದ್ದವರು ನಿನ್ನ ಅಜ್ಜಿಯೇ. ಒಮ್ಮೆ ಅಜ್ಜಿ ತನ್ನ ಮೊಣಕಾಲು ನೋವಿಗೂ ಒಂದು ಕೊಡು ಎಂದು ಕೈ ಚಾಚಿದರಂತೆ. ಅಕ್ಕ ಹೆದರಿ ಫೋನ್ ಮಾಡಿದಳು. ಮರುದಿನವೇ ನಾನು ನಿಜವಾದ ಕ್ಯಾಲ್ಸಿಯಂ ಡಬ್ಬಿಯೊಂದನ್ನು ಒಯ್ದು ಅಜ್ಜಿಗೆ ಕೊಟ್ಟೆ. ಅದಲುಬದಲು ಆಗದಿರಲೆಂದು ಅಕ್ಕನ ಡಬ್ಬಿಯ ಕುತ್ತಿಗೆಗೆ ಕೆಂಪು ದಾರ ಸುತ್ತಿದೆ. ತನ್ನ ಮಾತ್ರೆ ಅಷ್ಟು ದಪ್ಪ, ಸೊಸೆಯದು ಇಷ್ಟು ಸಣ್ಣ ಯಾಕೆ ಎಂದು ಅಜ್ಜಿ ಕೇಳಿದಾಗ, ವಯಸ್ಸಾದವರಿಗೆ ದೊಡ್ಡದು ಎಂದೆ. ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು — ನನ್ನ ಮುಖ ನೋಡದೆ.

ಬಸುರಾದ ಕೂಡಲೇ ಅಕ್ಕನನ್ನು ತವರಿಗೆ ಕರೆತಂದಿದ್ದರಿಂದ ಪರೀಕ್ಷೆಗಳೆಲ್ಲ ನಮ್ಮ ಕಣ್ಣಳತೆಯಲ್ಲೇ ಮುಗಿದವು. ನೀನು ಹುಟ್ಟಿದೆ. ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಅಲ್ಲಿಗೆ ಅರ್ಥವೇ ಉಳಿದಿರಲಿಲ್ಲ. ನಿನ್ನನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ, "ಈಗಾದ್ರೂ ಅವ್ರಿಗೆ ಹೇಳ್ತೀನಿ ಕಣೋ," ಎಂದಳು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾರೆ, ನಮ್ಮಮ್ಮನ ಮರ್ಯಾದೆ ಹೋಗುತ್ತದೆ ಎಂದು ನಾನೇ ತಡೆದೆ. ಆಮೇಲೂ ಎರಡು ಮೂರು ಸಲ ಕೇಳಿದಳು. ಪ್ರತಿ ಸಲವೂ ನನ್ನ ಉತ್ತರ ಅದೇ. ಕೊನೆಗೆ ಕೇಳುವುದನ್ನು ಬಿಟ್ಟಳು. ತಿಂಗಳಿಗೊಮ್ಮೆ ನಾನು ಮಾವಿನ ಹಣ್ಣೋ ತರಕಾರಿಯೋ ಹಿಡಿದು ಬರುತ್ತಿದ್ದುದು, ಮಾವನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ಎಂದು ನೀವೆಲ್ಲ ಅಂದುಕೊಳ್ಳುತ್ತಿದ್ದುದು — ಆ ಚೀಲದ ತಳದಲ್ಲಿ ಮಾತ್ರೆ ಇರುತ್ತಿತ್ತು. ಪ್ರೀತಿಯೂ ಇತ್ತು, ಅದನ್ನು ನಂಬು.

ಕೊರೊನಾದ ಎರಡನೆಯ ಅಲೆಯಲ್ಲಿ ಅಕ್ಕನಿಗೆ ಸೋಂಕು ತಗುಲಿ, ಒಂದು ವಾರ ಮನೆಯಲ್ಲೇ ಜ್ವರದಲ್ಲಿ ಮಲಗಿ, ಉಸಿರು ಸಾಲದಾದಾಗ ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಎರಡನೆಯ ದಿನ ಅವಳೇ ಫೋನ್ ಮಾಡಿದಳು. ಮಾತಿಗಿಂತ ಏದುಸಿರೇ ಹೆಚ್ಚು. "ಡಬ್ಬಿ ಮರ್ತು ಬಂದೆ ಕಣೋ... ನಂಗೆ ಅದು ಬೇಕು..." ಎಂದಳು. ನಿನ್ನ ಅಪ್ಪನಿಗೆ ಹೇಳಿದೆ. ಮಾರನೆಯ ಬೆಳಿಗ್ಗೆಯೇ ಭಾವ ತಾಯಲೂರಿನಿಂದ ತಂದರು — ಕೆಂಪು ದಾರದ್ದನ್ನೇ, ತಪ್ಪದೆ. ಅವಳ ಹೆಸರು ಬರೆದ ಚೀಲದಲ್ಲಿಟ್ಟು ಗೇಟಿನಲ್ಲಿ ಕೊಟ್ಟೆವು.

ಆ ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಮುಖ ಪೂರ್ತಿ ಮುಚ್ಚಿತ್ತು, ದಣಿದ ಕಣ್ಣು ಮಾತ್ರ ಕಾಣುತ್ತಿತ್ತು.

"ಇವರ ಥೈರಾಯ್ಡ್ ಹಾರ್ಮೋನು ಟಿ3, ಟಿ4 ಎರಡೂ ತುಂಬ ಇಳಿದಿವೆ," ಎಂದರು. "ಸೋಂಕು ಜೋರಾದವರಲ್ಲಿ ಹೀಗೆ ಇಳಿಯೋದುಂಟು. ಹೆಚ್ಚು ಇಳಿದಷ್ಟೂ ಸುಧಾರಿಸೋದು ಕಷ್ಟ ಆಗೋದನ್ನ ನೋಡ್ತಿದ್ದೀವಿ. ಸೋಂಕಿನಿಂದಲೇ ಇಳಿದಿದ್ರೆ ಅದಕ್ಕೆ ಅಂತ ಮಾತ್ರೆ ಕೊಡಲ್ಲ. ಮೊದಲಿಂದಲೇ ಕಾಯಿಲೆ ಇದ್ರೆ ಆ ದಾರಿ ಬೇರೆ. ಇವರಿಗೆ ಮೊದಲು ಥೈರಾಯ್ಡ್ ಇತ್ತಾ? ಏನಾದ್ರೂ ಮಾತ್ರೆ ತಗೊಳ್ತಿದ್ರಾ?"

"ಏನೂ ಇಲ್ಲ ಸಾರ್," ಎಂದರು ನಿನ್ನ ಅಪ್ಪ. "ಒಂದು ಕ್ಯಾಲ್ಸಿಯಂ ತಗೊಳ್ತಾಳೆ, ಅಷ್ಟೇ. ನಮ್ ಬಾಮೈದನೇ ತಂದ್ಕೊಡೋದು, ಮೆಡಿಕಲ್ ಸ್ಟೋರ್ ಇಟ್ಟವ್ನೆ."

ಡಾಕ್ಟರು ನನ್ನತ್ತ ತಿರುಗಿದರು. "ಬರೀ ಕ್ಯಾಲ್ಸಿಯಮ್ಮಾ?"

"ಹೌದು ಸಾರ್. ಬರೀ ಕ್ಯಾಲ್ಸಿಯಂ."

"ಹಾಗಾದ್ರೆ ಅದು ಈಗ ಬೇಡ, ನಿಲ್ಸಿರ್ತೀವಿ," ಎಂದು ಬರೆದುಕೊಂಡು ಹೊರಟುಹೋದರು.

ಇಷ್ಟೇ ನಡೆದದ್ದು. ಬೇಕಾದ ಮಾತ್ರೆ ಅವಳ ಮಂಚದ ಪಕ್ಕದ ಚೀಲದಲ್ಲಿತ್ತು. ಅದನ್ನು ಕೊಡಬೇಡಿ ಎಂದು ನಾನು ಹೇಳಿಸಿದೆ. ಮೂಗು ಬಾಯಿಗೆ ಮಾಸ್ಕ್ ಬಿಗಿದಿದ್ದ ಅವಳು ಅದಕ್ಕಾಗಿ ಕೈ ಮಾಡಿ ತೋರಿಸಿದಳೋ, ನರ್ಸಮ್ಮನವರು ಡಬ್ಬಿಯ ಮೇಲಿನ ಹೆಸರು ಓದಿ ಆಮೇಲೆ ಕೊಡುತ್ತೇವೆ ಎಂದರೋ — ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಹೆಚ್ಚು ಸುಡುತ್ತದೆ.

ಯಾಕೆ ಹಾಗೆಂದೆ? ಅಕ್ಕ ಗುಣವಾಗಿ ಮನೆಗೆ ಬಂದ ಮೇಲೆ ಗಂಡನ ಮನೆಯಲ್ಲಿ ಮಾತು ಕೇಳಬೇಕಾದೀತು, ಅದಕ್ಕೇ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಭಾವ ಆಗತಾನೇ ನನ್ನ ಅಂಗಡಿಯ ಹೆಸರೆತ್ತಿ ಹೆಮ್ಮೆಯಿಂದ ಮಾತಾಡಿದ್ದರು. ಡಬ್ಬಿ ಬದಲಿಸಿದ ಔಷಧಿ ಅಂಗಡಿಯವನು ಎಂದು ಒಬ್ಬ ಡಾಕ್ಟರ ಎದುರಿಗೆ ಕಾಣಿಸಿಕೊಳ್ಳಲು ನಾನು ಹೆದರಿದೆ. ನನ್ನ ಮರ್ಯಾದೆಗಾಗಿ ಹೆದರಿದೆ, ಅವಳ ಬಾಳಿಗಾಗಿ ಅಲ್ಲ.

ಮಾರನೆಯ ದಿನ ಹೇಳಿಬಿಡಬೇಕೆಂದೇ ಹೋದೆ. ಗೇಟಿನ ಮುಂದಿನ ಸಾಲಿನಲ್ಲಿ ನಿಂತಿದ್ದೆ. ಭಾವ ಎರಡು ಲೋಟ ಟೀ ತಂದು ಒಂದನ್ನು ನನಗೆ ಕೊಟ್ಟು, "ನೀನಿರೋದ್ಕೆ ಧೈರ್ಯ ಕಣಪ್ಪಾ. ಮದ್ದು ಮಾತ್ರೆ ನಮ್ಗೇನ್ ಗೊತ್ತಾಗ್ತದೆ," ಎಂದರು. ಟೀ ಕುಡಿದು ಸಾಲಿನಿಂದ ಈಚೆಗೆ ಬಂದೆ. ಸಂಜೆ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಏನು ಬೇಕೆಂದು ಕೇಳಿದಾಗ ಅಕ್ಕನ ಹೆಸರು ಹೇಳಿ, ಆಕ್ಸಿಜನ್ ಎಷ್ಟಿದೆ ಎಂದು ಮಾತ್ರ ಕೇಳಿದೆ. ಐದನೆಯ ದಿನ ಬೆಳಿಗ್ಗೆ ಅವಳು ಹೋಗಿಬಿಟ್ಟಳು.

ಅವಳ ಚೀಲ ವಾಪಸು ಕೊಟ್ಟರು. ಬಾಚಣಿಗೆ, ಫೋನು, ಒಂದು ಟವೆಲು, ಡಬ್ಬಿ. ಭಾವ ಗೋಡೆಗೆ ಒರಗಿ ಅಳುತ್ತಿದ್ದಾಗ ನಾನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡೆ. ಆಗಲೂ ಮೊದಲು ನೆನಪಾದದ್ದು ಸಾಕ್ಷಿ ಅಡಗಿಸುವುದು.

ವರ್ಷದ ಮೇಲೆ, ಬೇರೆ ಯಾರದೋ ಕಥೆಯೆಂಬಂತೆ ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಆ ಮಾತ್ರೆಯ ಬಲ ನಾಲ್ಕಾರು ದಿನ ಮೈಯಲ್ಲಿರುತ್ತದೆ, ಸೋಂಕೇ ಅಷ್ಟು ಜೋರಿದ್ದಿರಬಹುದು, ಮಾತ್ರೆ ಕೊಟ್ಟಿದ್ದರೂ ಬದುಕುತ್ತಿದ್ದರು ಎನ್ನಲಾಗದು, ಬದುಕುತ್ತಿರಲಿಲ್ಲ ಎಂದೂ ಎನ್ನಲಾಗದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತಿನ ನನಗೆ ಬೇಕಾದ ಬೆಳಕನ್ನಷ್ಟೇ ಹಿಡಿದುಕೊಂಡು ಇಷ್ಟು ವರ್ಷ ಊಟ ಮಾಡಿದ್ದೇನೆ, ವ್ಯಾಪಾರ ಮಾಡಿದ್ದೇನೆ. ಹೊರಡುವ ಮುಂಚೆ ಅವರು ಇನ್ನೊಂದು ಮಾತನ್ನೂ ಹೇಳಿದ್ದರು: "ಆದ್ರೆ ಹೇಳಿದ್ದಿದ್ರೆ ನಾವು ಬೇರೆ ಥರ ನೋಡ್ತಿದ್ವಿ." ಅದನ್ನು ಕೇಳದವನಂತೆ ಎದ್ದು ಬಂದಿದ್ದೆ.

ಇಂದು ಬರೆಯುವ ಹಾಗೆ ಮಾಡಿದವಳು ನೀನು. ಹೋದ ವಾರ ಅಪ್ಪ, ಅಜ್ಜಿಯ ಜೊತೆ ಮುಳಬಾಗಿಲಿನ ಡಾಕ್ಟರ ಬಳಿ ಹೋಗಿದ್ದವಳು ಅಲ್ಲಿಂದಲೇ ಫೋನ್ ಮಾಡಿದೆಯಲ್ಲ — "ಮಾವ, ಕೂದ್ಲು ಉದುರ್ತಿದೆ, ಸುಸ್ತು ಅಂತ ಟೆಸ್ಟ್ ಮಾಡಿಸ್ದೆ, ಥೈರಾಯ್ಡ್ ಅಂತೆ. ಮನೇಲಿ ಯಾರಿಗಾದ್ರೂ ಇತ್ತಾ ಅಂತ ಡಾಕ್ಟ್ರು ಕೇಳಿದ್ರು, ಅಪ್ಪ ಯಾರ್ಗೂ ಇಲ್ಲ ಅಂದ್ರು." ಕೈಯಲ್ಲಿದ್ದ ಔಷಧಿ ಚೀಟಿ ಓದಲಾಗದೆ ಕೆಳಗಿಟ್ಟೆ. ಆಮೇಲೆ ಅಜ್ಜಿ ನಿನ್ನಿಂದ ಫೋನ್ ತೆಗೆದುಕೊಂಡು, ದನಿ ಇಳಿಸಿ, "ನಾಳೆ ಗಂಡು ನೋಡ್ಬೇಕಾದ ಹುಡುಗಿ ಕಣಪ್ಪಾ. ಯಾರ್ಗೂ ಗೊತ್ತಾಗೋದ್ ಬ್ಯಾಡ. ಬೇರೆ ಯಾವ್ದಾದ್ರೂ ಡಬ್ಬಿಗೆ ಹಾಕ್ಕೊಂಡ್ ಬಾ, ಕ್ಯಾಲ್ಸಿಯಮ್ದೋ ಏನಾರ," ಎಂದರು.

ನಾನು ಯಾರಿಗೆ ಹೆದರಿ ಅಕ್ಕನ ಬಾಯಿ ಮುಚ್ಚಿಸಿದ್ದೆನೋ ಅವರೇ ನನ್ನನ್ನು ಅದೇ ಕೆಲಸಕ್ಕೆ ಕರೆದರು. ಆ ಮನೆಯಲ್ಲಿ ಒಮ್ಮೆ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತೋ — ಬೇಡ, ಅದನ್ನು ಕೇಳುವ ಹಕ್ಕು ನನಗಿಲ್ಲ. ಭಾನುವಾರ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಭಾನುವಾರ ಬೆಳಿಗ್ಗೆ ತಾಯಲೂರಿಗೆ ಬರುತ್ತೇನೆ. ನಿನ್ನ ಮಾತ್ರೆಯನ್ನು ಅದರದೇ ಡಬ್ಬಿಯಲ್ಲಿ, ಅದರದೇ ಹೆಸರಿನಲ್ಲಿ ತರುತ್ತೇನೆ. ಕೆಂಪು ದಾರದ ಡಬ್ಬಿಯನ್ನೂ ತಂದು ನಿನ್ನ ಅಪ್ಪನ ಮುಂದೆ ಇಡುತ್ತೇನೆ. ಈ ಕಾಗದವನ್ನು ಅವರೆದುರು, ಅಜ್ಜಿಯ ಎದುರು ನಾನೇ ಓದುತ್ತೇನೆ. ಓದಿ ಮುಗಿದ ಮೇಲೆ ಹೊರಗೆ ಹೋಗು ಎಂದರೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕ್ಷಮಿಸಬೇಕಾದವಳು ಇಲ್ಲ.

ಸೋಮವಾರ ನಿನ್ನ ಡಾಕ್ಟರ ಬಳಿ ನೀನು ಹೋಗಲೇಬೇಕು. ನಾನು ಜೊತೆಗೆ ಬರುವುದು ನಿನಗೆ ಬೇಡವಾದರೆ ಒಬ್ಬಳೇ ಹೋಗು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಮತ್ತೆ ಕೇಳಿದರೆ ಹೇಳು: ಅಮ್ಮನಿಗೆ ಇತ್ತು.