ಗುತ್ತೆಪ್ಪ ಮಲಗಿಸಿ ಬಂದ ರೊಕ್ಕ

ದುಂಡಸಿಯಿಂದ ಹೊರಟ ಮೊದಲ ಬಸ್ಸು ಮಂಜಿನೊಳಗೆ ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯದು. ಕಿಟಕಿಗೆ ತಲೆ ಆನಿಸಿದ ಗುತ್ತೆಪ್ಪನವರಿಗೆ ಹೊಲಗಳೆಲ್ಲ ಯಾರೋ ಹಿಂಜಿ ಹರಡಿದ ಅರಳೆಯಂತೆ ಕಾಣುತ್ತವೆ. ತೊಡೆಯ ಮೇಲಿನ ಚೀಲವನ್ನು ಮಾತ್ರ ಜೊಂಪಿನಲ್ಲೂ ಅವರ ಕೈ ಬಿಟ್ಟಿಲ್ಲ. ಅದರಲ್ಲಿ ಕೋರ್ಟಿನ ಆದೇಶವಿದೆ.

ಗುತ್ತೆಪ್ಪ ಕೋರ್ಟಿನ ಬೇಲೀಫ. ಸಮನ್ಸು, ಜಪ್ತಿ ವಾರಂಟು, ತಡೆಯಾಜ್ಞೆಗಳನ್ನು ಬಾಗಿಲಿಗೆ ಮುಟ್ಟಿಸುವುದು ಅವರ ಕೆಲಸ. ಹಾನಗಲ್ಲು, ಹಿರೇಕೆರೂರು, ವರ್ಗವಾದಲ್ಲೆಲ್ಲ ಅವರನ್ನು ಮೊದಲು ನಾಯಿಗಳು ಗುರುತು ಹಿಡಿದವು, ಆಮೇಲೆ ಜನ. "ಹಂಸಭಾವ್ಯಾಗ ಒಬ್ಬಾಕಿ ನನ್ನ ಕಂಡಕೂಡ್ಲೆ ಎಮ್ಮಿ ಬಿಚ್ಚಿ ಹಿತ್ತಲದಿಂದ ಅಟ್ಟಿದ್ಲು. ನಾ ಕೊಡಾಕ ಹೋಗಿದ್ದು ಆಕಿ ಗೆದ್ದ ಕೇಸಿನ ಕಾಗದ ನೋಡ್ರಿ" ಎಂದು ನಗುತ್ತಾರೆ.

ಇವತ್ತಿನ ಆದೇಶ ಸವಣೂರಿನ ಬ್ಯಾಂಕೊಂದಕ್ಕೆ. ಹತ್ತಿಮತ್ತೂರಿನ ಹತ್ತಿ ಗಿರಣಿ ಮಾರಾಟವಾದಾಗ ಆ ಹಣವನ್ನು ಎಸ್ಕ್ರೋ ಖಾತೆಯಲ್ಲಿ ಇಟ್ಟಿದ್ದರು. ಅಂದರೆ ಕೊಟ್ಟವರದೂ ಅಲ್ಲ, ಪಡೆಯುವವರದೂ ಅಲ್ಲ. ಲೆಕ್ಕ ಹರಿಯುವ ತನಕ ಬ್ಯಾಂಕಿನ ಸುಪರ್ದಿ. ಕೆಲಸದವರ ಹಳೇ ಪಗಾರ ಅದರಿಂದಲೇ ಇವತ್ತು ಬರಬೇಕಿತ್ತು. ಅಷ್ಟರಲ್ಲಿ ಗಿರಣಿಗೆ ಹತ್ತಿ ಹಾಕಿದ ವ್ಯಾಪಾರಿಯೊಬ್ಬರು ತಮ್ಮ ಬಾಕಿಯೇ ಮೊದಲೆಂದು ದಾವೆ ಹೂಡಿದರು. ತೀರ್ಪಾಗುವವರೆಗೆ ಆ ಹಣವನ್ನು ಯಾರೂ ಮುಟ್ಟಬಾರದೆಂದು ಕೋರ್ಟು ಹೇಳಿದೆ.

ಆ ಗಿರಣಿಯಲ್ಲೇ ಗುತ್ತೆಪ್ಪನವರ ತಂಗಿ ಮಾದೇವಿ ಹತ್ತಿ ಆರಿಸುತ್ತಾರೆ. ಪಗಾರ ಬಂದರೆ ಮಗಳು ಮಾಲಾಳನ್ನು ನರ್ಸಿಂಗ್‌ಗೆ ಸೇರಿಸಬೇಕು. ಆದೇಶದ ಸುದ್ದಿ ಊರಿಗೆ ಮೊದಲೇ ಮುಟ್ಟಿತ್ತು. "ನಾಳೆ ಒಂದಿನ ಬಸ್ಸು ತಪ್ಪಿಸ್ಕೋ ಅಣ್ಣ. ಯಾರ ಗಂಟು ಹೋಗ್ತೈತಿ?" ಎಂದು ಮಾದೇವಿ ನಿನ್ನೆ ಫೋನಿನಲ್ಲಿ ಕೇಳಿದ್ದರು.

ಜೊಂಪಿನಲ್ಲಿ ಗುತ್ತೆಪ್ಪನವರಿಗೆ ಕೆರೆಯೊಂದು ಕಾಣುತ್ತದೆ. ತಾವೇ ತೂಬು ಮುಚ್ಚುತ್ತಿದ್ದಾರೆ. ಆಚೆ ದಡದಲ್ಲಿ ತಂಗಿ ಖಾಲಿ ಕೊಡ ಹಿಡಿದು ನಿಂತಿದ್ದಾರೆ. "ಶಿಗ್ಗಾವಿ ಬಂತ್ರಿ" ಎನ್ನುತ್ತಾನೆ ಕಂಡಕ್ಟರು. ಇಳಿದು, ಕಣ್ಣುಜ್ಜಿಕೊಂಡು, ಸವಣೂರಿನ ಬಸ್ಸು ಹತ್ತುತ್ತಾರೆ.

ಬ್ಯಾಂಕಿನ ಬಾಗಿಲು ತೆರೆಯುತ್ತಲೇ ಆದೇಶ ಮ್ಯಾನೇಜರರ ಕೈ ಸೇರುತ್ತದೆ. ಇನ್ನೊಂದು ಪ್ರತಿ ಹಿಡಿದು ಹತ್ತಿಮತ್ತೂರಿನ ಗಿರಣಿಗೆ ಹೋಗುತ್ತಾರೆ. ಅಲ್ಲಿನ ಹೆಣ್ಣುಮಕ್ಕಳು ಬೇಲೀಫ ಬಂದನೆಂದರೆ ಸಾಮಾನು ಜಪ್ತಿ ಮಾಡಿ ಹೊತ್ತೊಯ್ಯುತ್ತಾನೆಂದೇ ತಿಳಿದವರು. ತೂಕದ ಮಶೀನನ್ನು ಹತ್ತಿ ರಾಶಿಯಲ್ಲಿ ಹುಗಿದು, ಮೇಲೆ ಮಾದೇವಿಯನ್ನು ಕೂರಿಸಿದ್ದಾರೆ. ಭಾರ ತಾಳದೆ ಅದು ಒಳಗಿಂದ ಕುಂಯ್‌ಗುಡುತ್ತಿದೆ.

"ಬಾರಪಾ ಸರಕಾರದಾಂವ" ಎನ್ನುತ್ತಾರೆ ಮಾದೇವಿ. "ಪಗಾರ ನಿಲ್ಲಿಸಿ ಬಂದಿ. ನನ್ನೂ ಎತ್ಕೊಂಡು ಹೋಗು."

"ಇಳೀಬೇ, ಮಶೀನು ಅಳಾಕತ್ತೈತಿ. ಇದು ಜಪ್ತಿ ಅಲ್ಲ. ರೊಕ್ಕ ಇದ್ದಲ್ಲೇ ಮಲಗೇತಿ ಅಷ್ಟ. ಆ ವ್ಯಾಪಾರಿಗೂ ಮುಟ್ಟಾಕ ಬರಂಗಿಲ್ಲ."

"ಮಲಗಿದ್ದು ಏಳದಿದ್ರ?"

ಗುತ್ತೆಪ್ಪ ಚೀಲದಿಂದ ಆದೇಶದ ಪ್ರತಿ ತೆಗೆದು ಕೊಡುತ್ತಾರೆ. ಹತ್ತಿಯ ಎಳೆಗಳು ಬಿಸಿಲಲ್ಲಿ ಮೆಲ್ಲಗೆ ಮೇಲೇರುತ್ತವೆ, ಇಳಿಯುವುದನ್ನೇ ಮರೆತಂತೆ. ಮಾದೇವಿ ಮುಖ ತಿರುಗಿಸುತ್ತಾರೆ.

"ಊಟಕ್ಕ ಬಾ ಅನಲಿಲ್ಲ ನೋಡ್ರಿ ನನ್ನ ತಂಗಿ" ಎನ್ನುತ್ತಾರೆ ಗುತ್ತೆಪ್ಪ ಹೊರಗೆ ಬಂದು. "ಆಕಿಗೋಸ್ಕರ ಈ ಕಾಗದ ಕೈಬಿಟ್ರ, ನಾಳೆ ಮತ್ತೊಬ್ಬರ ತಂಗಿ ಬಾಗಲಕ್ಕ ಯಾವ ಮುಖಾ ಹೊತ್ತು ಹೋಗ್ಲಿ? ಕೋರ್ಟಿನ ಸಾಹೇಬ್ರಿಗೆ ಒಂದ ಮಾತು ಕೇಳ್ಕೊಂಡೇನಿ. ಆ ರೊಕ್ಕ ಬಿಡಸೂ ಆದೇಶ ಆದ ದಿನ, ಅದನ್ನೂ ನನ್ನ ಕೈಯಾಗ ಕೊಡ್ರಿ ಅಂತ."