ಸತ್ಯವ್ವ ಕೊಡಲು ಹೊರಟ ಮೈ

ಇಳಕಲ್ಲ ಸೀರೆಗೆ ಮೈಯ ಹಾಸು, ಅಂದರೆ ಉದ್ದೆಳೆ, ಬೇರೆ; ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಯನ್ನು ಇನ್ನೊಂದಕ್ಕೆ ಸಿಕ್ಕಿಸಿ ಎರಡನ್ನೂ ಕೂಡಿಸುವುದಕ್ಕೆ ನಮ್ಮಲ್ಲಿ ಕೊಂಡಿ ಹಾಕುವುದು ಎನ್ನುತ್ತಾರೆ. ಆ ಕೆಲಸದಲ್ಲಿ ನನ್ನ ಹೆಂಡತಿ ಸತ್ಯವ್ವನನ್ನು ಸರಿಗಟ್ಟುವವರು ಓಣಿಯಲ್ಲಿ ಯಾರೂ ಇರಲಿಲ್ಲ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕೂತು ನೇಯುವವನು ನಾನು, ಜನ ಹೊಗಳುತ್ತಿದ್ದದ್ದು ಅವಳನ್ನು. ಅದು ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿ.

೧೯೭೦ರ ಬೇಸಿಗೆಯಲ್ಲಿ ಅವಳ ತಮ್ಮ ಗಾಳೆಪ್ಪ ನೀರು ಇಳಿದಿದ್ದ ಬಾವಿಗೆ ತಲೆ ಕೆಳಗಾಗಿ ಹಾರಿದ. ನಾಲ್ಕು ಜನ ನೋಡುತ್ತಿದ್ದರೆ ಅವನಿಗೆ ಮೈಮೇಲೆ ಖಬರಿರುತ್ತಿರಲಿಲ್ಲ. ಕುತ್ತಿಗೆಯ ಎಲುಬು ಮುರಿದು ಕೈಕಾಲು ಅಲ್ಲಾಡದಾದವು. ಬಾಗಲಕೋಟೆಯ ದವಾಖಾನೆಯಲ್ಲಿ ತಲೆಯ ಎರಡೂ ಕಡೆ ಉಸುಕಿನ ಚೀಲ ಇಟ್ಟು ಮಲಗಿಸಿದರು. ಕಾಯ್ದು ನೋಡೋಣ ಎಂದ ಡಾಕ್ಟರು ಮೂರು ವಾರವಾದರೂ ಅದನ್ನೇ ಹೇಳುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ರಾಚಯ್ಯ ಮಾಸ್ತರರು ಪೇಪರಿನ ಸುದ್ದಿ ಹೇಳಿದರು. ಅಮೆರಿಕಾದಲ್ಲಿ ಒಂದು ಮಂಗನ ತಲೆ ತೆಗೆದು ಇನ್ನೊಂದು ಮಂಗನ ಮೈಗೆ ಕೂಡಿಸಿದ್ದಾರಂತೆ. ಅದು ಕಣ್ಣು ಬಿಟ್ಟು ನೋಡಿತಂತೆ, ಕಚ್ಚಲೂ ಬಂತಂತೆ. ಸತ್ಯವ್ವ ಕೈಯಲ್ಲಿದ್ದ ಎಳೆ ಬಿಟ್ಟಳು.

ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಬಾಗಲಕೋಟೆಗೆ ಹೊರಟಳು. ತಮ್ಮನ ಹಾಸಿಗೆಯ ಹತ್ತಿರ ಡಾಕ್ಟರು ಬಂದದ್ದೇ ಬಾಯಿ ಬಿಟ್ಟಳು.

"ಸಾಹೇಬ್ರ, ಇವನ ತಲಿಗೆ ನನ್ನ ಮೈ ಕೂಡಸ್ರಿ. ನಮ್ಮವ್ವ ಸಾಯೂ ಮುಂದ ಇವನ್ನ ನನ್ನ ಉಡ್ಯಾಗ ಹಾಕಿ ಹೋಗ್ಯಾಳ. ಎಳಿ ಕೂಡಸೂದು ನಿಮಗ ಬರದಿದ್ರ, ಮೊದಲ ಕುಂತು ನಾ ಕಲಿಸಿಕೊಡ್ತೇನಿ."

ನನ್ನ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡನನ್ನು ಒಂದು ಮಾತು ಕೇಳಬೇಡವೇ?

"ನಾ ಏನ್ ಮಾಡ್ಲಿ? ಮೀಸಿ ಇದ್ದ ಹೇಣ್ತಿ ಕೂಡ ಬಾಳೇ ಮಾಡ್ಲೇನು?" ಎಂದು ಕೂಗಿದೆ.

"ನಾನೂ ನಿನ್ನ ಕೂಡ ಬಾಳೇ ಮಾಡಾಂವಲ್ಲ, ಮಾಮಾ" ಎಂದ ಗಾಳೆಪ್ಪ, ಮಲಗಿದಲ್ಲಿಂದಲೇ.

ಡಾಕ್ಟರು ನಗಲಿಲ್ಲ. ಸ್ಟೂಲು ಎಳೆದು ಕೂತರು. "ಕೇಳವ್ವಾ, ಆ ಮಂಗ್ಯಾನ ಸುದ್ದಿ ನಾನೂ ಓದೇನಿ. ರಕ್ತದ ನಾಳ ಹೊಲಿಯಾಕ ಬರತೈತಿ, ಅದಕ್ಕ ಆ ಮಂಗ್ಯಾ ಕಣ್ಣ ಬಿಟ್ಟೈತಿ. ಆದ್ರ ಕಡದ ಬೆನ್ನಹುರಿ ಕೂಡಸೂದು ಜಗತ್ತಿನ್ಯಾಗ ಯಾರಿಗೂ ಬರಂಗಿಲ್ಲ. ಆ ಮಂಗ್ಯಾಗ ಒಂದ ಬೆರಳ ಎತ್ತಾಕ ಆಗಲಿಲ್ಲ, ಭಾಳ ದಿನ ಉಳೀಲೂ ಇಲ್ಲ. ಒಬ್ಬರ ಮೈ ಇನ್ನೊಬ್ಬರ ತಲಿನ ತಂದಂತ ಒಪ್ಪಂಗಿಲ್ಲ, ಕೊಳಸಿ ಹಾಕತೈತಿ. ನಡುವ ನಾಕೈದು ಮಿನಿಟ ರಕ್ತ ನಿಂತ್ರ ಮೆದುಳು ಸತ್ತಂಗ."

"ಒಂದೊಂದ ಎಳಿ ಕೊಂಡಿ ಹಾಕಿದ್ರ?"

"ನಿನ್ನ ಎಳಿ ಸಿಕ್ಕಿಸಿದಲ್ಲೆ ಹಿಡೀತಾವು. ಇವು ಹಿಡಿಯಂಗಿಲ್ಲ. ನೀನೂ ಸಾಯ್ತಿ, ಇಂವನೂ ಸಾಯ್ತಾನ."

ಸತ್ಯವ್ವ ತಮ್ಮನ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು: "ಮತ್ತ ಇವನ ಹುರಿ ಕಡದೈತೇನ್ರಿ?"

ಮಗ್ಗದ ಮೇಲೆ ಸಡಿಲಾದ ಎಳೆಯೆಲ್ಲ ಹರಿದಿರುವುದಿಲ್ಲ. ಜಗ್ಗಿ ನೋಡದೆ ಅವಳು ಯಾವ ಎಳೆಯನ್ನೂ ಕಿತ್ತವಳಲ್ಲ.

ಡಾಕ್ಟರು ಕಾಗದಕ್ಕೆ ಚುಚ್ಚಿದ್ದ ಟಾಚಣಿ ಸೂಜಿ ತೆಗೆದು, ಗಾಳೆಪ್ಪನಿಗೆ ಕಾಣದಂತೆ ಹಾಸಿಗೆಯ ಕಾಲ್ದೆಸೆಗೆ ಹೋದರು. ಆ ವಾರದಲ್ಲಿ ಎರಡು ಸಲ ಹೀಗೇ ನೋಡಿದ್ದರಂತೆ, ಏನೂ ಆಗಿರಲಿಲ್ಲ. ಈ ಸಲ ಎಡಗಾಲ ಹೆಬ್ಬೆರಳಿಗೆ ಚುಚ್ಚಿದರು.

"ಯಾಂವಲೇ ಅಂವಾ, ಚುಚ್ಚಾಂವಾ!"

ಡಾಕ್ಟರನ್ನು ಹಾಗೆ ಬೈದವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. "ಹುರಿ ಪೂರಾ ಕಡದಿಲ್ಲವ್ವಾ, ಬಾವು ಇಳ್ಯಾಕ ಹತ್ತೇತಿ" ಎಂದರು ಡಾಕ್ಟರು. ಸತ್ಯವ್ವ ತಮ್ಮನ ಆ ಕಾಲು ಹಿಡಿದು ಗಟ್ಟಿಯಾಗಿ ಅತ್ತಳು.

ಗಾಳೆಪ್ಪ ವರ್ಷ ತುಂಬುವುದರೊಳಗೆ ಕೋಲೂರಿ ನಡೆದ. ೧೯೮೨ರಲ್ಲಿ ಮಗಳ ಮದುವೆ ಮಾಡಿದ. ಬಲಗೈ ಬೆರಳು ಮಾತ್ರ ಪೂರ್ತಿ ಮಡಚಲು ಬರಲಿಲ್ಲ, ಬಾಯಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಟಾಚಣಿ ಚುಚ್ಚಿದ ಆ ದಿನ ಸಂಜೆ ದವಾಖಾನೆಯಿಂದ ತಿರುಗಿ ಬರುವಾಗ, ಬಸ್ಸಿನಲ್ಲಿ ಅವಳಿಗೆ ಚೆನ್ನಾಗಿ ಬೈಯಬೇಕೆಂದು ಮಾತು ಜೋಡಿಸಿಕೊಂಡು ಕೂತಿದ್ದೆ. ಹುನಗುಂದ ದಾಟಿದ ಮೇಲೆ ಅವಳೇ ಮೆಲ್ಲಗೆ ಹೇಳಿದಳು.

"ಖರೆ ಹೇಳ್ಲೇನ್ರಿ? ಆಗಂಗಿಲ್ಲಂತ ಡಾಕ್ಟರ್ ಅಂದ ಕೂಡ್ಲೇ, ತಮ್ಮ ಇನ್ನೂ ಹಂಗ ಬಿದ್ದಿದ್ದ, ಆದ್ರೂ ನನ್ನ ಜೀವ ಹಗುರಾತು. ನನಗ ಸಾಯೂದು ಬ್ಯಾಡಾಗಿತ್ತು."

ಜೋಡಿಸಿದ್ದ ಮಾತೆಲ್ಲ ಮರೆತುಹೋಯಿತು. ಅವಳ ಕೈ ಹಿಡಿದುಕೊಂಡೆ. ಇಳಕಲ್ಲ ಬರುವವರೆಗೂ ಬಿಡಲಿಲ್ಲ, ಕಂಡಕ್ಟರು ನೋಡಿದರೆ ನೋಡಲಿ ಎಂದು.