ಖಾಲಿ ಕೊಡಬಾರದ ಪಾತ್ರೆ

ಕಳೆದ ನವೆಂಬರಿನ ಒಂದು ಮಂಗಳವಾರ, ಅಮೆರಿಕದ ಮೆಟುಚೆನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ತಮ್ಮ ಗಾಜಿನ ಪಾತ್ರೆ ಕೇಳಲು ಬಂದರು. ಬೇಸಿಗೆಯಲ್ಲಿ ಅದರಲ್ಲಿ ಆಪಲ್ ಪೈ ಕೊಟ್ಟಿದ್ದರು. ಖಾಲಿ ಪಾತ್ರೆ ಹಿಂದಿರುಗಿಸುವುದು ನಮ್ಮಲ್ಲಿಲ್ಲ. ಮೈಸೂರಿಗೆ ಹೋಗಿದ್ದ ಹೆಂಡತಿ ಬಂದು ಏನಾದರೂ ಮಾಡಿ ತುಂಬಲಿ ಎಂದು ಹಾಗೇ ಇಟ್ಟುಕೊಂಡಿದ್ದೆ. ಅದನ್ನೇ ಹೇಳಬಹುದಿತ್ತು. ತಡವಾದ ನಾಚಿಕೆಗೆ, “ಆಗಲೇ ವಾಪಸ್ ಕೊಟ್ಟೆನಲ್ಲ,” ಎಂದುಬಿಟ್ಟೆ.

ನಿವೃತ್ತಿಯವರೆಗೂ ಪತ್ರಿಕೆಯಲ್ಲಿ ಇನ್ನೊಬ್ಬರ ಸುಳ್ಳುಗಳನ್ನು ಹೊಡೆದುಹಾಕುವುದೇ ನನ್ನ ಕೆಲಸವಾಗಿತ್ತು.

“ಹಾಗಾದ್ರೆ ನನಗೇ ಮರೆವು. ಮಗಳೂ ಅದನ್ನೇ ಹೇಳ್ತಾಳೆ,” ಎಂದು ನಕ್ಕು ಅವರು ಹೊರಟುಹೋದರು.

ಡಿಸೆಂಬರಿನಲ್ಲಿ ಹೆಂಡತಿ ಬಂದು ಕೋಡುಬಳೆ ಮಾಡಿದಳು. ಪಾತ್ರೆ ತುಂಬಿಸಿಕೊಂಡು ಹೋದೆ. ಬಾಗಿಲು ತೆರೆದ ಅಜ್ಜಿಯ ಮಗಳು, ಅಮ್ಮನನ್ನು ಮಾರಿಸ್‌ಟೌನಿನಲ್ಲಿ ಮರೆವಿನವರನ್ನು ನೋಡಿಕೊಳ್ಳುವ ಮನೆಗೆ ಸೇರಿಸಿದ್ದಾಗಿ ಹೇಳಿದಳು.